ಯಾರ ಪಾಲಿಗೂ ಬಾರದ ಗೋಡೆ

“ಗೆರೆ ದಾಟಿದ್ರೆ ಕಾಲು ಮುರೀತೀನಿ ಮುಂಡೇದೆ! ಕಣ್ಣೇನು ಬೆನ್ನಲ್ಲಿದೆಯಾ?”

ಕಟ್ಟಡದ ಮೇಸ್ತ್ರಿ ಕೂಗಿದ ರಭಸಕ್ಕೆ ಸೊಸೆಯ ಕೈಯಲ್ಲಿದ್ದ ಲೋಟ ನೀರಿನ ಡ್ರಮ್ಮಿನೊಳಗೇ ಬಿತ್ತು. ಅವಳ ಬಲಗಾಲು ಸುಣ್ಣದ ಗೆರೆಯ ಆಚೆಗಿತ್ತು, ಎಡಗಾಲು ಈಚೆಗೆ. ಕಂಕುಳಲ್ಲಿ ಕೂಸು. ಹಿಂದಿನ ದಿನದವರೆಗೆ ನಾವೆಲ್ಲ ಅದೇ ಡ್ರಮ್ಮಿನ ನೀರು ಕುಡಿದವರು. ಊಟವಾದ ಮೇಲೆ ಮೇಸ್ತ್ರಿ ಬಾಯಿ ಮುಕ್ಕಳಿಸುತ್ತಿದ್ದುದೂ ಅದರ ಪಕ್ಕದಲ್ಲೇ.

“ನೀರು ಕುಡಿಯೋಕೆ ಬಂದೆ ಅಣ್ಣ.”

“ಡ್ರಮ್ಮು ಗಾರೆಯವರ ಕಂಪನಿಗೆ ಬಂದಿದೆ. ನೀನು ಮಣ್ಣಿನ ಕಂಪನಿ. ನಿಮ್ಮ ಕಂಪನೀಲಿ ನೀರಿಲ್ವಾ?”

“ಇಲ್ವಲ್ಲ.”

“ಹಾಗಾದ್ರೆ ಹೋಗಿ ನಿಮ್ಮ ಮಾಲೀಕರನ್ನ ಕೇಳು.”

ಸೊಸೆ ತಿರುಗಿ ತನ್ನ ಮಾಲೀಕರನ್ನು ನೋಡಿದಳು. ಮಾಲೀಕರು ತಲೆಯ ಮೇಲೆ ಮಣ್ಣು ತುಂಬಿದ ಬಾಂಡ್ಲಿ ಹೊತ್ತು, ಸೆರಗು ಸೊಂಟಕ್ಕೆ ಬಿಗಿದು, ಮೂಗಿನ ತುದಿಯ ಬೆವರನ್ನು ಕೆಳತುಟಿಯಿಂದ ಊದಿಕೊಳ್ಳುತ್ತ ಬರುತ್ತಿದ್ದರು. ಅವರು ಅವಳ ಅತ್ತೆ.

“ಏನಂತೆ?”

“ನೀರು ಬೇಕಾದ್ರೆ ನಿಮ್ಮನ್ನ ಕೇಳಬೇಕಂತೆ ಅತ್ತೆ.”

“ನನ್ನ ಹತ್ರ ಬೆವರಿದೆ. ಕುಡೀತೀಯಾ?” ಎಂದ ಅತ್ತೆ, ಬಾಂಡ್ಲಿ ಇಳಿಸದೆಯೇ ಮೇಸ್ತ್ರಿಯ ಕಡೆ ತಿರುಗಿದಳು. “ಲೇ ಮೇಸ್ತ್ರಿ, ಹಾಲೂಡಿಸೋಳು ಕಣೋ ಅವಳು. ನಿಮ್ಮಮ್ಮ ನಿನಗೆ ಹಾಲು ಕೊಡೋವಾಗ ಎದೆ ಮೇಲೆ ಗೆರೆ ಎಳ್ಕೊಂಡಿದ್ಲಾ?”

“ನನ್ನನ್ನ ಯಾಕೆ ಬೈತೀಯ? ಇದು ಕಾನೂನು.”

“ಕಾನೂನಿನ ಅಮ್ಮನ್ನೂ ಸೇರಿಸಿಯೇ ಕೇಳಿದ್ದು ನಾನು.”

ನಮ್ಮಲ್ಲಿ ಎಲ್ಲರೂ ಅವಳನ್ನು ಅತ್ತೆ ಎಂದೇ ಕರೆಯುತ್ತಿದ್ದರು. ಸೊಸೆಗೆ ಮಾತ್ರ ಅವಳು ನಿಜವಾದ ಅತ್ತೆ, ಹಾಗಾಗಿ ನಮ್ಮೆಲ್ಲರ ಪಾಲಿನ ಬೈಗುಳವೂ ಆ ಹುಡುಗಿಗೇ ಸಲ್ಲುತ್ತಿತ್ತು. ಆ ದಿನ ಮಾತ್ರ ಅತ್ತೆ ಬಾಂಡ್ಲಿಯ ಮಣ್ಣನ್ನು ಗೆರೆಯ ಆಚೆಗೇ ಸುರಿದು, ಡ್ರಮ್ಮಿಗೆ ಮೊಳಕೈವರೆಗೆ ಕೈ ಹಾಕಿ ಲೋಟ ತೆಗೆದು, ಸೊಸೆಗೆ ನೀರು ಕುಡಿಸಿ, ಖಾಲಿ ಲೋಟವನ್ನು ಮೇಸ್ತ್ರಿಯ ಕಾಲ ಬಳಿ ಬಡಿದಿಟ್ಟಳು. ಮೇಸ್ತ್ರಿ ಅತ್ತಿತ್ತ ನೋಡಿ, ಗುತ್ತಿಗೆದಾರ ಬಿಳಿಬೂಟು ಕಾಣಿಸದಿದ್ದುದರಿಂದ, ತಾನೂ ಏನೂ ಕಾಣದವನಂತೆ ಹೊರಟುಹೋದ.

*

ಹೊಸ ಕಾನೂನು ಬಂದಾಗ ಮೊದಲು ಕುಣಿದವರು ನಾವೇ.

ಅದನ್ನು ಫೋನಿನಲ್ಲಿ ಓದಿ ಹೇಳಿದವನು ಅತ್ತೆಯ ಮಗ, ಸೊಸೆಯ ಗಂಡ. ಕಂಬಿ ಕಟ್ಟುವವನು, ನಮ್ಮೊಳಗೆ ತಡವರಿಸದೆ ಓದಬಲ್ಲವನು ಅವನೊಬ್ಬನೇ. ಹತ್ತು ಜನ ಅಥವಾ ಅದಕ್ಕಿಂತ ಹೆಚ್ಚು ಆಳುಗಳನ್ನಿಟ್ಟು ಕಟ್ಟಡ ಕಟ್ಟಿಸುವವನು ಅವರಿಗೆ ಕುಡಿಯುವ ನೀರು ಕೊಡಬೇಕು. ಹೆಂಗಸರಿಗೆ ಬಾಗಿಲಿರುವ ಕಕ್ಕಸು ಕಟ್ಟಿಸಬೇಕು. ಕೂಸುಗಳಿಗೆ ನೆರಳು ಮಾಡಬೇಕು. ಆಳೆತ್ತರಕ್ಕಿಂತ ಆಳವಾದ ಗುಂಡಿ ತೆಗೆದರೆ ಮಣ್ಣಿನ ಗೋಡೆ ಕುಸಿಯದಂತೆ ಹಲಗೆಯ ಆಸರೆ ನಿಲ್ಲಿಸಬೇಕು. ನಿಲ್ಲಿಸದೆ ಯಾರಾದರೂ ಸತ್ತರೆ, ಹಿಂದಿನ ಹಾಗೆ ದಂಡ ಕಟ್ಟಿ ಕೈ ತೊಳೆದುಕೊಳ್ಳುವಂತಿಲ್ಲ, ಜೈಲು. ಅತ್ತೆ ಆ ಕೊನೆಯ ಸಾಲನ್ನು, ಹಾಡಿನ ಪಲ್ಲವಿಯ ಹಾಗೆ, ಮಗನಿಂದ ಮತ್ತೆ ಮತ್ತೆ ಓದಿಸಿದಳು.

ನಮ್ಮ ಗುತ್ತಿಗೆದಾರನಿಗೆ ನಾವಿಟ್ಟ ಹೆಸರು ಬಿಳಿಬೂಟು. ಮಣ್ಣಿನ ನಡುವೆ ಓಡಾಡಿಯೂ ಮಣ್ಣಾಗದ ಬೂಟು ಅವನದು. ಅವನು ಕಾಲಿಡುವಲ್ಲೆಲ್ಲ ಮೇಸ್ತ್ರಿ ಹಲಗೆ ಹಾಸುತ್ತ ಹೋಗುತ್ತಿದ್ದ. ಕಾನೂನಿನ ಸುದ್ದಿ ಕೇಳಿ ಬಿಳಿಬೂಟು ಒಂದು ವಾರ ನಿಜವಾಗಿಯೂ ಹೆದರಿದ. ತಗಡಿನ ಚಪ್ಪರ ಎದ್ದಿತು, ಕೂಸುಗಳು ಅದರಡಿ ಮಲಗಿದವು. ಪಾಯದ ಗುಂಡಿಯ ನಾಲ್ಕೂ ಗೋಡೆಗೆ ಹಲಗೆ ಬಂತು, ಹಲಗೆಗೆ ಅಡ್ಡ ಕಂಬ ಬಂತು. ಕಕ್ಕಸಿಗೆ ಬಾಗಿಲು ಬಂತು. ಅಭ್ಯಾಸವಿಲ್ಲದೆ ಎರಡು ದಿನ ನಾವು ಅದನ್ನು ತೆರೆದಿಟ್ಟುಕೊಂಡೇ ಕೂತೆವು.

ಆಮೇಲೆ ಬಿಳಿಬೂಟು ವಕೀಲನೊಬ್ಬನನ್ನು ಕಂಡು ಬಂದ. ಕಾನೂನು ಹತ್ತು ಜನರ ಬಗ್ಗೆ ಬಹಳ ಮಾತಾಡುತ್ತದೆ, ಒಂಬತ್ತು ಜನರ ಬಗ್ಗೆ ಅದಕ್ಕೆ ಬಾಯಿಯೇ ಇಲ್ಲ ಎಂಬ ಸಂಗತಿ ಅಲ್ಲಿ ಅವನಿಗೆ ತಿಳಿಯಿತು.

ಮರುದಿನ ಮೇಸ್ತ್ರಿ ಸುಣ್ಣದ ಪುಡಿಯ ಚೀಲಕ್ಕೆ ತೂತು ಮಾಡಿ, ಆಟದ ಮೈದಾನಕ್ಕೆ ಗೆರೆ ಹಾಕುವವನ ಹಾಗೆ ಹಿಂದೆ ಹಿಂದೆ ನಡೆದ. ಅಣ್ಣತಮ್ಮಂದಿರು ಪಾಲಾಗುವಾಗ ಒಲೆ ಯಾರಿಗೆ, ಒರಳು ಯಾರಿಗೆ ಎಂದು ಬಾಗಿಲಲ್ಲಿ ನಿಂತು ನೋಡುವ ನೆರೆಹೊರೆಯವರಂತೆ ನಾವು ನಿಂತು ನೋಡಿದೆವು. ಒಂದು ಕೆಲಸದ ಜಾಗ ಐದು ಕಂಪನಿಯಾಯಿತು. ಪ್ರತಿ ಕಂಪನಿಗೆ ಒಬ್ಬ ಮಾಲೀಕ, ಮಾಲೀಕನೂ ಸೇರಿ ಒಂಬತ್ತು ಜನ. ರಸ್ತೆಯ ಕಡೆಯ ಮೇಲಂಚು ಮಣ್ಣು ಹೊರುವ ನಮ್ಮ ಪಾಲಿಗೆ ಬಂತು. ಗುಂಡಿಯ ತಳ ಕಂಬಿ ಕಟ್ಟುವವರದು. ಡ್ರಮ್ಮು, ಕಕ್ಕಸು, ಚಪ್ಪರ ಮೂರೂ ಗಾರೆಯವರಿಗೆ ಹೋದವು. ಅವರಲ್ಲಿ ಹೆಂಗಸರಿರಲಿಲ್ಲ, ಕೂಸುಗಳಿರಲಿಲ್ಲ. ಆದ್ದರಿಂದ ಸಂಜೆಯೊಳಗೆ ಬಾಗಿಲೂ ಚಪ್ಪರವೂ ಕಾಣೆಯಾದವು.

ಬಿಳಿಬೂಟು ಹಲಗೆಯ ಮೇಲೆ ನಿಂತು ಮಾತಾಡಿದ. “ಇವತ್ತಿಂದ ಇಲ್ಲಿ ಆಳು ಅನ್ನೋರು ಯಾರೂ ಇಲ್ಲ. ಎಲ್ಲಾ ಅವರವರ ಕಂಪನಿಯೋರು. ನಾನು ನಿಮ್ಮಿಂದ ಕೆಲಸ ಮಾಡಿಸ್ಕೊಳ್ಳೋ ಗಿರಾಕಿ, ಅಷ್ಟೇ.”

“ಹಾಗಾದ್ರೆ ಕಟ್ಟಡ ಯಾರದು ಸಾಮಿ?” ಎಂದು ಹಿಂದಿನಿಂದ ಯಾರೋ ಕೇಳಿದರು.

“ಕಟ್ಟಡ ನನ್ನದು. ಕಟ್ಟೋದು ನಿಮ್ಮದು.”

ಅತ್ತೆಯನ್ನು ಮಾಲೀಕಳನ್ನಾಗಿ ಆರಿಸಿದ್ದು ಮೇಸ್ತ್ರಿ.

“ನನಗೆ ಓದೋಕೆ ಬರೆಯೋಕೆ ಬರಲ್ಲ ಕಣೋ.”

“ಅದಕ್ಕೇ ನೀನು. ಹೆಬ್ಬೆಟ್ಟು ಒತ್ತು, ಸಾವ್ಕಾರ್ತಿ ಆಗ್ತೀಯ.”

“ಆಮೇಲೆ ಏನು ಮಾಡಬೇಕು?”

“ಈಗ ಮಾಡ್ತಿರೋದನ್ನೇ.”

ಅವಳು ಹೆಬ್ಬೆಟ್ಟು ಒತ್ತಿ, ಬೆರಳಿನ ಮಸಿಯನ್ನು ಮೇಸ್ತ್ರಿಯ ಅಂಗಿಗೆ ಒರೆಸಿದಳು. ಕೂಲಿ ಮೊದಲಿದ್ದಷ್ಟೇ ಇತ್ತು. ಮೊದಲು ಎಲ್ಲರಿಗೂ ಹಂಚಿಹೋಗುತ್ತಿದ್ದ ಬೈಗುಳ ಈಗ ಮಾಲೀಕರಿಗೆ ಇಡಿಯಾಗಿ ಸಿಗತೊಡಗಿತು.

ಕಂಬಿ ಕಂಪನಿಗೆ ಮಾಲೀಕನಾದವನು ಅತ್ತೆಯ ತಮ್ಮ. ಅವನನ್ನು ನಾವೆಲ್ಲ ಕಂಬಿ ಮಾವ ಎನ್ನುತ್ತಿದ್ದೆವು. ಅತ್ತೆಯ ಹಾಗಲ್ಲ ಅವನು. ಮಾಲೀಕತನ ಅವನಿಗೆ ಮೈಗೆ ಹಿಡಿಸಿತು. ಜೇಬಿಗೆ ಪೆನ್ನು ಬಂತು. ಸಹಿ ಹಾಕಲು ಬಾರದಿದ್ದರೂ ಅದರ ಮುಚ್ಚಳವನ್ನು ಟಕ್ಕೆಂದು ತೆಗೆದು ಹಾಕುವುದನ್ನು ಅವನು ಒಂದೇ ದಿನದಲ್ಲಿ ಕಲಿತ. ಅತ್ತೆಯ ಮಗ ಕಂಬಿಯವನಾದ್ದರಿಂದ ಮಾವನ ಒಂಬತ್ತು ಜನರಲ್ಲಿ ಒಬ್ಬನಾದ. ಹೀಗೆ ತಾಯಿ ಮೇಲಿನ ಕಂಪನಿ, ಮಗ ಕೆಳಗಿನ ಕಂಪನಿ.

*

ಈ ಹಂಚಿಕೆಯಲ್ಲಿ ಒಂದು ಎಡವಟ್ಟಾಯಿತು. ಗೆರೆ ಹಾಕುತ್ತ ಬಂದ ಮೇಸ್ತ್ರಿ ಗುಂಡಿಯ ಅಂಚಿನಲ್ಲಿ ನಿಂತ. ಏಣಿ ಇಳಿದು ಹೋಗಿ ತಳದಲ್ಲಿ ಮತ್ತೆ ಶುರುಮಾಡಿದ. ನಡುವೆ ಮೂರಾಳೆತ್ತರ ಕಡಿದು ನಿಲ್ಲಿಸಿದ ಮಣ್ಣಿನ ಗೋಡೆಯಿತ್ತು. ಮಲಗಿದ ನೆಲದ ಮೇಲೆ ಸುಣ್ಣ ನಿಲ್ಲುತ್ತದೆ, ನಿಂತ ಮಣ್ಣಿನ ಮೇಲೆ ನಿಲ್ಲುವುದಿಲ್ಲ. ಗೋಡೆ ಯಾರ ಪಾಲಿಗೂ ಬರಲಿಲ್ಲ.

ಯಾರದೂ ಅಲ್ಲದ ಗೋಡೆಗೆ ಹಲಗೆ ಯಾಕೆ ಎಂದು ಬಿಳಿಬೂಟು ಆಸರೆಯನ್ನು ಬಿಚ್ಚಿಸಿದ. ಹಲಗೆಗಳು ಅವನ ಆಫೀಸಿನಲ್ಲಿ ಅಟ್ಟವಾದವು.

ಬಿರುಕನ್ನು ಕಂಡುಹಿಡಿಯಲು ಯಾವ ಜಾಣತನವೂ ಬೇಕಿರಲಿಲ್ಲ. ರಸ್ತೆಯ ಕಡೆಯ ಅಂಚಿಗೆ ಎರಡು ಹೆಜ್ಜೆ ಹಿಂದೆ, ಅಂಚಿನ ಉದ್ದಕ್ಕೂ, ಹಾವು ಹರಿದ ಜಾಡಿನ ಹಾಗೆ ಅದು ಮಲಗಿತ್ತು. ಮೊದಲು ಅದರಲ್ಲಿ ಬೀಡಿ ಇಳಿಯುತ್ತಿತ್ತು. ಆಮೇಲೆ ಅಂಗೈ. ರಸ್ತೆಯಲ್ಲಿ ಬಸ್ಸು ಹೋದಾಗಲೆಲ್ಲ ಗೋಡೆಯಿಂದ ಸಣ್ಣ ಮಣ್ಣುಂಡೆಗಳು ಉದುರಿ, ಕೆಳಗೆ ಕಂಬಿಯ ಜಾಲರಿಯ ಮೇಲೆ ಟಣ್ಣೆನ್ನುತ್ತಿದ್ದವು. ನಾವು ನೋಡಿದೆವು. ಇಂಜಿನಿಯರ್ ನೋಡಿದ, ಫೋನು ಬಂದವನಂತೆ ಕಿವಿಗೆ ಕೈಯಿಟ್ಟು ಆಚೆ ಹೋದ. ಮೇಸ್ತ್ರಿ ನೋಡಿ ಎರಡು ಬಾಂಡ್ಲಿ ಮಣ್ಣು ಸುರಿಸಿ ಮುಚ್ಚಿಸಿದ. ಬೆಳಗಾಗುವಷ್ಟರಲ್ಲಿ ಆ ಮಣ್ಣನ್ನು ಬಿರುಕು ನುಂಗಿತ್ತು.

ಅತ್ತೆ ಆಫೀಸಿಗೆ ಹೋದಳು. ಬಾಗಿಲಲ್ಲಿ ನಮ್ಮಲ್ಲಿ ಇಬ್ಬರು ನಿಂತಿದ್ದೆವು.

“ಹಲಗೆ ಮತ್ತೆ ಕಟ್ಟಿಸಿ ಸಾಮಿ. ಗೋಡೆ ಬಾಯಿ ಬಿಟ್ಟಿದೆ.”

ಬಿಳಿಬೂಟು ಫೋನಿನಿಂದ ಕಣ್ಣೆತ್ತಲಿಲ್ಲ. “ಯಾರ ಗೋಡೆ?”

“ಗುಂಡೀದು.”

“ಗುಂಡಿ ಯಾರ ಕಂಪನಿ?”

“ನನ್ನ ತಮ್ಮಂದು.”

“ಅವನು ಬಂದು ಕೇಳಿದ್ನಾ? ಇಲ್ಲ. ನಿನ್ನ ಕಂಪನಿ ಮೇಲಿದೆ. ಬೇರೆಯವರ ಕಂಪನಿ ವಿಷಯಕ್ಕೆ ಮೂಗು ಹಾಕಬಾರದಮ್ಮ, ಅದು ವ್ಯವಹಾರಕ್ಕೆ ಒಳ್ಳೇದಲ್ಲ.”

“ಕೆಳಗೆ ನನ್ನ ಮಗ ಇದಾನೆ.”

“ನಿನ್ನ ಮಗ ಅಂತ ಮನೇಲಿ ನೋಡ್ಕೋ. ಇಲ್ಲಿ ಅವನು ಬೇರೆ ಕಂಪನಿ ಆಸಾಮಿ.” ಆಗ ಅವನ ಕಣ್ಣು ನೆಲಕ್ಕೆ ಬಿತ್ತು. ಹೊಳೆಯುವ ಕಲ್ಲಿನ ಮೇಲೆ ಬಾಗಿಲಿನಿಂದ ಮೇಜಿನವರೆಗೆ ಅತ್ತೆಯ ಪಾದಗಳು ಕೆಂಪಗೆ ಮೂಡಿದ್ದವು. “ಥೂ! ದನದ ಹಾಗೆ ನುಗ್ಗಿಬಿಟ್ಟೆಯಲ್ಲೇ. ಒರೆಸು ಅದನ್ನ.”

ಒರೆಸಲು ಬಟ್ಟೆಯಿರಲಿಲ್ಲ. ಅತ್ತೆ ತಲೆಯ ಮೇಲಿನ ಸಿಂಬೆ ಬಿಚ್ಚಿ, ಕುಕ್ಕರುಗಾಲಲ್ಲಿ ಕೂತು, ಮೇಜಿನಿಂದ ಬಾಗಿಲವರೆಗೆ ತನ್ನ ಹೆಜ್ಜೆಗಳನ್ನು ತಾನೇ ಒರೆಸುತ್ತ ಹಿಂದಕ್ಕೆ ಸರಿದು ಬಂದಳು. ಕಂಪನಿಯ ಮಾಲೀಕಳೊಬ್ಬಳು ನೆಲ ಒರೆಸಿದ್ದನ್ನು ನಾವು ಕಂಡಿದ್ದು ಅದೇ ಮೊದಲು. ಅವಳ ತಲೆಯ ಮೇಲೆಯೇ ಅಟ್ಟವಿತ್ತು. ಹಲಗೆಗಳಿಗೆ ಗೋಡೆಯ ಮಣ್ಣು ಇನ್ನೂ ಅಂಟಿಕೊಂಡಿತ್ತು.

ತಮ್ಮನನ್ನೂ ಕೇಳಿನೋಡಿದಳು. “ನಿನ್ನ ಜನಾನ ಮೇಲಕ್ಕೆ ಕರ್ಕೊಳ್ಳೋ. ಹಲಗೆ ಹಾಕೋವರೆಗೆ ಇಳೀಬೇಡಿ.”

“ಅಕ್ಕ, ನಾನು ಮೇಲೆ ಕರ್ಕೊಂಡ್ರೆ ಮಧ್ಯಾಹ್ನಕ್ಕೆ ಬೇರೆ ಒಂಬತ್ತು ಜನ ಇಳೀತಾರೆ. ಮುಂದಿನ ಕಟ್ಟಡದ ಕಂಬಿ ಪೂರ್ತಿ ನನಗೇ ಅಂತ ಹೇಳಿದಾರೆ.”

“ಮುಂದಿನ ಕಟ್ಟಡಕ್ಕೆ ನೀನು ಉಳಿದಿರಬೇಕಲ್ಲೋ.”

“ಅಪಶಕುನ ನುಡೀಬೇಡ. ನೀನು ಮೊದಲಿಂದಲೂ ಹಾಗೇ, ನನಗೆ ಒಳ್ಳೇದಾದ್ರೆ ನಿನಗೆ ಹೊಟ್ಟೆಯುರಿ.” ಪೆನ್ನಿನ ಮುಚ್ಚಳ ಟಕ್ಕೆಂದಿತು.

*

ಕಾರ್ಮಿಕ ಇಲಾಖೆಯ ಇನ್‌ಸ್ಪೆಕ್ಟರ್ ಸಾಹೇಬರು ಬಂದರು. ಹೊಸ ಕಾನೂನು ಅವರ ಹುದ್ದೆಯ ಹೆಸರನ್ನು ಮಾರ್ಗದರ್ಶಿ ಎಂದು ಬದಲಿಸಿತ್ತು. ಮೊದಲು ಹೇಳದೆ ಬಂದು ಹಿಡಿಯುತ್ತಿದ್ದರಂತೆ, ಈಗ ಹೇಳಿಯೇ ಬರಬೇಕು. ಬರುವ ದಿನ ಗೊತ್ತಿದ್ದುದರಿಂದ ಮೇಸ್ತ್ರಿ ಗೆರೆಗಳಿಗೆ ಹೊಸ ಸುಣ್ಣ ಹಾಕಿ, ನಮ್ಮನ್ನೆಲ್ಲ ಕಂಪನಿವಾರು ನಿಲ್ಲಿಸಿದ್ದ.

ಸಾಹೇಬರು ಒಳ್ಳೆಯವರು. ಯಾರಿಗೂ ಗದರಲಿಲ್ಲ. ಪ್ರತಿ ಕಂಪನಿಯ ಮುಂದೆ ನಿಂತು ತಲೆ ಎಣಿಸಿ, ಒಂಬತ್ತಾದಾಗ ಪರೀಕ್ಷೆಯಲ್ಲಿ ಪಾಸಾದ ಮಕ್ಕಳನ್ನು ನೋಡುವ ಹಾಗೆ ನಕ್ಕರು. ನಮ್ಮ ಮುಂದೆ ಬಂದಾಗ ಅವರ ಮುಖ ಇನ್ನಷ್ಟು ಅರಳಿತು.

“ಎಲ್ಲಾ ಹೆಂಗಸರೇ! ಮಾಲೀಕರು ಯಾರು?”

“ನಾನೇ ಸಾಮಿ.”

“ಭೇಷ್. ಇಂಥವರು ಬೇಕು ನೋಡಿ.” ಪಕ್ಕದವನಿಗೆ ಫೋಟೋ ತೆಗೆಯಲು ಹೇಳಿದರು. ಅತ್ತೆಯ ತಲೆಯಿಂದ ಬಾಂಡ್ಲಿ ಇಳಿಸಿ ಪಕ್ಕಕ್ಕಿಡಿಸಿದರು. ಚಿತ್ರದಲ್ಲಿ ಅದು ಚೆನ್ನಾಗಿ ಕಾಣುವುದಿಲ್ಲವಂತೆ.

“ಸಾಮಿ, ಆ ಗೋಡೆ ಬಿರುಕು ಬಿಟ್ಟಿದೆ. ಕೆಳಗೆ ಜನ ಇದಾರೆ.”

ಸಾಹೇಬರು ಬಿರುಕಿನವರೆಗೆ ಹೋದರು. ಅದರೊಳಗೆ ಇಣುಕಿದರು. ಎರಡು ಹೆಜ್ಜೆ ಹಿಂದೆ ಬಂದರು. ಇದನ್ನು ನಾವೆಲ್ಲ ಗಮನಿಸಿದೆವು. “ಈ ಗೋಡೆ ಯಾವ ಕಂಪನಿಗೆ ಸೇರಿದ್ದು?”

ಬಿಳಿಬೂಟು ಆಕಾಶದಲ್ಲಿ ಏನನ್ನೋ ಹುಡುಕುತ್ತಿದ್ದ.

“ನಿಮ್ಮದಾ?”

“ನಮ್ಮ ಗೆರೆ ಅಂಚಿಗೆ ನಿಲ್ಲುತ್ತೆ ಸಾಮಿ.”

“ನಿಮ್ಮದಾ?” ಎಂದು ಬಗ್ಗಿ ಕಂಬಿ ಮಾವನನ್ನು ಕೇಳಿದರು.

“ನಂದು ಬರೀ ತಳ ಸಾರ್.”

“ನೋಡಿಯಮ್ಮ,” ಎಂದರು ಸಾಹೇಬರು, ನಿಜವಾಗಿಯೂ ಮರುಗುವ ದನಿಯಲ್ಲಿ. “ದೂರು ಬರೆದುಕೊಳ್ಳೋಕೆ ನನಗೇನೂ ಬೇಜಾರಿಲ್ಲ. ಆದ್ರೆ ಯಾರ ಮೇಲೆ ಅಂತ ಬರೆದುಕೊಳ್ಳಲಿ? ನೀವೇ ಒಬ್ಬ ಮಾಲೀಕರು. ಬರೆದ್ರೆ ಮೊದಲು ನಿಮ್ಮ ಮೇಲೇ ಬರುತ್ತೆ. ಬರೀಲಾ?”

ಹಿಂದೆ ಯಾರೋ ಕಿಸಕ್ಕೆಂದು ನಕ್ಕರು. ನಕ್ಕವರು ನಾವೇ ಇರಬೇಕು. ಸಾಹೇಬರು ಹೋಗುವಾಗ ಬಿಳಿಬೂಟಿನ ಹೆಗಲ ಮೇಲೆ ಕೈಯಿಟ್ಟು, ಕಾಂಕ್ರೀಟ್ ಯಾವಾಗ ಎಂದು ಕೇಳಿದರು. ನಾಳೆ ಎಂದ ಅವನು.

*

ಅಂದು ಸಂಜೆ ತಗಡಿನ ಕೋಣೆಯಲ್ಲಿ ಅತ್ತೆ ಅಡುಗೆ ಮಾಡಲಿಲ್ಲ, ಸೊಸೆ ಮಾಡಿದಳು. ನಮ್ಮ ಕೋಣೆಗಳ ನಡುವೆ ಇರುವುದು ಒಂದು ಪದರ ತಗಡು. ಒಬ್ಬರ ಕೋಣೆಯಲ್ಲಿ ಒಗ್ಗರಣೆ ಸಿಡಿದರೆ ಮೂರು ಕೋಣೆಯವರು ಸೀನುತ್ತೇವೆ. ಹಾಗಾಗಿ ಅವರ ಮಾತನ್ನು ಕದ್ದು ಕೇಳಿದೆವು ಎನ್ನುವ ಹಾಗಿಲ್ಲ.

“ನಾಳೆ ಇಳೀಬೇಡ.”

“ಅಮ್ಮಾ, ನಾಳೆ ಇಳಿಯದಿದ್ರೆ ಮಾವ ಸುಮ್ಮನಿರ್ತಾನಾ? ಕಾಂಕ್ರೀಟ್ ದಿನ ಕೈ ಕೊಟ್ಟವನನ್ನ ಮತ್ತೆ ಯಾರೂ ಕರೆಯಲ್ಲ.”

“ಲಾರಿ ಎಲ್ಲಿ ನಿಲ್ಲುತ್ತೆ ಗೊತ್ತಾ? ಬಿರುಕಿನ ಮೇಲೆ. ಅಂಚಿಗೇ ಬಂದು ಬೆನ್ನು ಹಾಕಬೇಕು ಅದು. ಇಲ್ಲದಿದ್ರೆ ಕಾಂಕ್ರೀಟ್ ಜಾರಿಸೋ ತಗಡಿನ ದೋಣಿ ಕೆಳಗೆ ಮುಟ್ಟಲ್ಲ.”

“ಗೊತ್ತು.”

“ಗೊತ್ತಿದ್ದೂ ಇಳೀತೀಯ?”

“ನಿನಗೂ ಗೊತ್ತಲ್ಲ. ನೀನು ಏನು ಮಾಡ್ತೀಯ?”

ಸೌಟು ಪಾತ್ರೆಯ ತಳ ಕೆರೆಯುವ ಸದ್ದು ಕೇಳಿಸಿತು. ಸೊಸೆ, ನಗಿಸಲೆಂದೋ ಏನೋ, “ಇವರು ಬೇರೆ ಕಂಪನಿ ಅತ್ತೆ, ನಮ್ಮ ಕಂಪನಿ ಅನ್ನ ಬಡಿಸಬಹುದಾ?” ಎಂದಳು. ಮಗ ನಕ್ಕ. ಅತ್ತೆ ನಗಲಿಲ್ಲ. “ಬಡಿಸು,” ಎಂದಳು. “ಹೊಟ್ಟೆ ತುಂಬ ಬಡಿಸು.”

ಅವಳು ಹಾಗೆ ಹೇಳಿದ ದನಿ ತಗಡಿನ ಈಚೆ ಕೂತಿದ್ದ ನಮಗೆ ಹಿಡಿಸಲಿಲ್ಲ.

*

ಲಾರಿ ಬೆಳಿಗ್ಗೆಯೇ ಬಂತು. ಬೆನ್ನ ಮೇಲಿನ ದೊಡ್ಡ ಡ್ರಮ್ಮು ನಿಧಾನವಾಗಿ ತಿರುಗುತ್ತಿತ್ತು. ಅದು ತಿರುಗುತ್ತಲೇ ಇರಬೇಕು. ನಿಂತರೆ ಒಳಗಿನ ಕಾಂಕ್ರೀಟ್ ಕಲ್ಲಾಗುತ್ತದೆ. ಕೆಳಗೆ ಕಂಬಿಯ ಜಾಲರಿಯ ಮೇಲೆ ಒಂಬತ್ತು ಜನ ಸಲಿಕೆ ಹಿಡಿದು, ಗೋಡೆಯ ಕಡೆ ಬೆನ್ನು ಹಾಕಿ ಕಾಯುತ್ತಿದ್ದರು. ಮೇಸ್ತ್ರಿ ಕೈಯಾಡಿಸುತ್ತ “ಬಾ, ಬಾ, ಹಿಂದೆ ಬಾ” ಎಂದ. ಲಾರಿ ಕುಂಯ್ ಕುಂಯ್ ಎನ್ನುತ್ತ ಹಿಂದಕ್ಕೆ ಸರಿಯತೊಡಗಿತು.

ಅತ್ತೆ ಲಾರಿಗೆ ಅಡ್ಡವಾಗಿ ಬಾಂಡ್ಲಿಯನ್ನು ಗೆರೆಯ ಮೇಲೆ ಕವುಚಿ ಹಾಕಿ ಅದರ ಮೇಲೆ ಕೂತಳು.

“ಏಯ್, ಏಳು!”

“ಇದು ನನ್ನ ಕಂಪನಿ ಗೆರೆ. ಲಾರಿ ಯಾವ ಕಂಪನಿ?”

ಮೇಸ್ತ್ರಿ ಲಾರಿಯ ಕಡೆ ನೋಡಿದ. ಡ್ರೈವರ್ ಕಿಟಕಿಯಿಂದ ತಲೆ ಹಾಕಿ, “ಲಾರಿ ನಂದೇ ಅಮ್ಮಾ. ನಂದೇ ಒಂದು ಕಂಪನಿ. ನಾನೊಬ್ಬನೇ ಇರೋದು,” ಎಂದ.

“ಹಾಗಾದ್ರೆ ಬೇರೆ ಕಂಪನಿಯೋನು. ದಾಟಬೇಡ ಮಗಾ. ನೀರು ಕುಡಿಯೋಕೆ ದಾಟಿದ್ರೇ ಕಾಲು ಮುರೀತಾರೆ ಇಲ್ಲಿ. ಚಕ್ರ ಎಷ್ಟಿದೆ ನಿಂದು?”

ನಮಗೆ ನಗು ಬಂತು. ನಗುತ್ತಲೇ ಒಬ್ಬೊಬ್ಬರಾಗಿ ಹೋಗಿ, ಅವಳ ಪಕ್ಕದಲ್ಲಿ ಬಾಂಡ್ಲಿ ಕವುಚಿ ಕೂತೆವು. ಯಾರೂ ಯಾರನ್ನೂ ಕರೆಯಲಿಲ್ಲ. ಮಾಲೀಕರು ಕೂತ ಮೇಲೆ ಕಂಪನಿ ನಿಂತಿರುವುದು ಮರ್ಯಾದೆಯಲ್ಲ.

ಸುದ್ದಿ ಹೋಗಿ ಬಿಳಿಬೂಟು ಬಂದ. ಅವಸರದಲ್ಲಿ ಹಲಗೆ ಹಾಸುವವರಿಲ್ಲದೆ, ಅವನ ಬೂಟು ಮೊದಲ ಬಾರಿ ಮಣ್ಣು ಮುಟ್ಟಿತು.

“ಏನೇ ಇದು, ಲೌಡಿ? ಎದ್ದೇಳ್ತೀಯೋ ಒದೀಲೋ?”

“ಮಾಲೀಕರು ಮಾಲೀಕರನ್ನ ಒದೀಬಾರದು ಸಾಮಿ. ವ್ಯವಹಾರಕ್ಕೆ ಒಳ್ಳೇದಲ್ಲ.”

“ಕಾಂಕ್ರೀಟ್ ಗಟ್ಟಿಯಾದ್ರೆ ನಷ್ಟ ಯಾರು ತುಂಬೋದು? ನೀನು ತುಂಬಬೇಕಾಗುತ್ತೆ. ನಿನ್ನ ಹೆಬ್ಬೆಟ್ಟಿದೆ ನನ್ನ ಹತ್ರ. ಜೀವಮಾನ ಪೂರ್ತಿ ಮಣ್ಣು ಹೊತ್ರೂ ತೀರಲ್ಲ.”

“ಹೊರೋದು ಹೇಗೂ ಇದ್ದದ್ದೇ. ಹಲಗೆ ಹಾಕ್ಸಿ, ಏಳ್ತೀನಿ.”

“ಗೋಡೆ ನಂದಲ್ಲ ಅಂದ್ನಲ್ಲ!”

“ನಾನೂ ಅದನ್ನೇ ಹೇಳ್ತಿರೋದು, ಗೆರೆ ಈಚೆ ಜಾಗವೂ ನಿಮ್ಮದಲ್ಲ.”

ಗಾರೆಯವರು ಕೆಲಸ ಬಿಟ್ಟು ತಮ್ಮ ಗೆರೆಯವರೆಗೆ ಬಂದು ನಿಂತಿದ್ದರು. ಡ್ರಮ್ಮು ತಿರುಗುತ್ತಿತ್ತು. ಬಿಳಿಬೂಟು ಒಮ್ಮೆ ಲಾರಿಯನ್ನು, ಒಮ್ಮೆ ನಮ್ಮನ್ನು ನೋಡಿದ. ಆಮೇಲೆ ಯಾರೂ ನಿರೀಕ್ಷಿಸದ ಕೆಲಸ ಮಾಡಿದ. ಕಾಲೆತ್ತಿ, ಬೂಟಿನಿಂದ ಸುಣ್ಣದ ಗೆರೆಯನ್ನು ಉಜ್ಜತೊಡಗಿದ. ಈ ತುದಿಯಿಂದ ಆ ತುದಿಯವರೆಗೆ ಕಾಲು ಎಳೆಯುತ್ತ, ಕುಂಟನ ಹಾಗೆ ನಡೆದ.

“ಮುಗೀತು. ನಿನ್ನ ಕಂಪನಿ ಇಲ್ಲ. ಎಲ್ಲಾ ನನ್ನ ಜಾಗ. ಈಗ ಏಳ್ರೇ ಹಾದರಗಿತ್ತೀರಾ!”

“ಎಲ್ಲಾ ನಿಮ್ಮದೇನಾ?” ಅತ್ತೆ ಕೇಳಿದಳು.

“ಎಲ್ಲಾ!”

“ಗೋಡೆ?”

ಅವನು ಅವಳಿಗೆ ಬೆನ್ನು ತಿರುಗಿಸಿದ. ಮೇಸ್ತ್ರಿಗೆ ಕೈಯಾಡಿಸಿ, ಲಾರಿಯನ್ನು ಬಿಡು ಎಂದ. ಹೆಂಗಸರ ಮೇಲೆ ಹರಿದರೆ ಹರಿಯಲಿ ಎಂದು ಹೇಳಲಿಲ್ಲ. ಹೇಳಿದ ಹಾಗೆ ಇತ್ತು.

ಅತ್ತೆ ಎದ್ದಳು. ಸೋತಳು ಎಂದುಕೊಂಡೆವು. ಅವಳು ಏಣಿಯ ಕಡೆ ನಡೆದಳು. ಸೊಸೆ ಕೂಸಿನೊಂದಿಗೆ ಹಿಂದೆಯೇ ಬಂದಾಗ ತಿರುಗಿ, “ನೀನು ಮೇಲೇ ಇರು,” ಎಂದಳು. “ಎಣಿಸೋಕೆ ಒಬ್ಬರು ಬೇಕು.”

ನಾವು ಏಳು ಜನ ಅವಳ ಹಿಂದೆ ಏಣಿ ಇಳಿದೆವು. ಯಾಕೆ ಎಂದು ಈಗ ಕೇಳಿದರೆ ಹೇಳಲು ಬರುವುದಿಲ್ಲ. ಇಳಿಯುವಾಗ ಏಣಿಯ ಪಕ್ಕದಲ್ಲೇ ಗೋಡೆಯಿತ್ತು, ಮೂಗಿಗೆ ಹಸಿ ಮಣ್ಣಿನ ವಾಸನೆ ಹೊಡೆಯುತ್ತಿತ್ತು. ಒಳಗೆ ಎಲ್ಲೋ ಇಲಿ ಕೆರೆದ ಹಾಗೆ ಸದ್ದು.

ಕೆಳಗೆ ಕಂಬಿ ಮಾವ ಅಡ್ಡ ಬಂದ. “ಅಕ್ಕಾ, ಇದು ನನ್ನ ಕಂಪನಿ ಜಾಗ.”

“ಗೆರೆ ಅಳಿಸಿಬಿಟ್ರು ಕಣೋ, ನಿನಗೆ ಹೇಳಲಿಲ್ವಾ? ಯಾರಾದ್ರೂ ಹೇಳಬೇಕಿತ್ತು, ಪಾಪ.” ಅವನನ್ನು ಪಕ್ಕಕ್ಕೆ ಸರಿಸಿ ಮಗನ ಮುಂದೆ ನಿಂತಳು. “ಬರ್ತೀಯಾ ಮೇಲೆ?”

ಅವನು ಮೇಲೆ ನೋಡಿದ. ಅಂಚಿನಲ್ಲಿ ಬಿಳಿಬೂಟು, ಮೇಸ್ತ್ರಿ. “ಹತ್ತಿದವನು ನಾಳೆಯಿಂದ ಬರಬೇಕಾಗಿಲ್ಲ!” ಎಂದು ಮೇಸ್ತ್ರಿ ಕೂಗುತ್ತಿದ್ದ. ಮಗ ತಾಯಿಯ ಮುಖ ನೋಡದೆ ಇಲ್ಲವೆಂದು ತಲೆಯಾಡಿಸಿದ.

“ಸರಿ,” ಎಂದಳು ಅತ್ತೆ. “ಗೋಡೆಗೆ ಆಸರೆ ಕೊಡಬೇಕು ಅಂತ ನೀನೇ ಓದಿ ಹೇಳಿದ್ದೆ. ಹಲಗೆಯೇ ಆಗಬೇಕು ಅಂತಿದೆಯಾ ಅದರಲ್ಲಿ?”

ಅವಳು ಗೋಡೆಯ ಬುಡಕ್ಕೆ ಹೋಗಿ, ಮಣ್ಣಿಗೆ ಬೆನ್ನು ಕೊಟ್ಟು, ಕಾಲು ಚಾಚಿ ಕೂತಳು. ನಾವು ಅವಳ ಆಚೀಚೆ ಭುಜಕ್ಕೆ ಭುಜ ತಾಗಿ ಕೂತೆವು. ಮಣ್ಣು ರವಿಕೆಯ ಮೂಲಕವೂ ತಣ್ಣಗಿತ್ತು.

“ಹುಚ್ಚು ಹಿಡೀತಾ ಇವಕ್ಕೆ! ಎಳೆದು ಹಾಕ್ರೋ!” ಎಂದು ಮೇಲಿನಿಂದ ಬಿಳಿಬೂಟು ಕಿರುಚಿದ. ಯಾರು ಎಳೆಯಬೇಕು? ಎಳೆಯಲು ಗೋಡೆಯ ಬುಡಕ್ಕೆ ಬರಬೇಕಿತ್ತು. ಕಂಬಿ ಮಾವ ಎರಡು ಹೆಜ್ಜೆ ಬಂದು ನಿಂತ. “ಅಕ್ಕಾ, ಎದ್ದೇಳೇ, ನಿನ್ನ ಕಾಲಿಗೆ ಬೀಳ್ತೀನಿ,” ಎಂದ. ಅವನ ದನಿಯಲ್ಲಿ ಮಾಲೀಕತನ ಒಂದಿಷ್ಟೂ ಉಳಿದಿರಲಿಲ್ಲ.

ಮಗ ಸಲಿಕೆ ಕೆಳಗಿಟ್ಟ. ಬಂದು ತಾಯಿಯ ಪಕ್ಕ ಜಾಗ ಮಾಡಿಕೊಂಡು ಕೂತ. ಅವಳು ಅವನ ಕಡೆ ನೋಡಲಿಲ್ಲ, “ಮೇಲೆ ಹತ್ತು ಅಂದ್ರೆ ಇಲ್ಲಿ ಬಂದು ಕೂತ, ದಡ್ಡಮುಂಡೇದು,” ಎಂದಳು, ಅವನ ಮೊಣಕಾಲಿನ ಮೇಲೆ ಕೈಯಿಟ್ಟಳು.

ಮೇಲೆ ಲಾರಿಯ ಕುಂಯ್ ಕುಂಯ್ ಮತ್ತೆ ಶುರುವಾಯಿತು. ಅಂಚಿನಾಚೆ ಅದರ ಹಿಂಬದಿ ದೀಪ ಕೆಂಪಗೆ ಕಾಣಿಸಿತು, ಆಮೇಲೆ ತಗಡಿನ ದೋಣಿಯ ತುಟಿ. ಡ್ರೈವರ್ ಬಾಗಿಲು ತೆರೆದು, ಅರ್ಧ ಮೈ ಹೊರಗೆ ಹಾಕಿ, ನಾವು ಕೂತಿರುವುದನ್ನು ನೋಡಿದ. ತಲೆ ಹಿಂದಕ್ಕೆ ವಾಲಿಸಿ ನೋಡುತ್ತಿದ್ದ ನಮಗೆ ಅವನ ಮುಖ ತಲೆಕೆಳಗಾಗಿ ಕಾಣುತ್ತಿತ್ತು. ಮೇಸ್ತ್ರಿ “ಬಾ, ಬಾ” ಎನ್ನುತ್ತಿದ್ದ. ಆ ಗದ್ದಲದ ನಡುವೆ ಸೊಸೆಯ ದನಿ ಕೇಳಿಸಿತು. ಅಂಚಿನಲ್ಲಿ ನಿಂತು, ನಮ್ಮ ಮೇಲೂ ಕಂಬಿಯವರ ಮೇಲೂ ಬೆರಳಾಡಿಸುತ್ತ, ಒಂಬತ್ತಕ್ಕೆ ನಿಲ್ಲಿಸದೆ ಹತ್ತು, ಹನ್ನೊಂದು ಎಂದು ಗಟ್ಟಿಯಾಗಿ ಎಣಿಸುತ್ತಿದ್ದಳು. ಡ್ರೈವರ್ ಅವಳನ್ನು ನೋಡಿದ, ನಮ್ಮನ್ನು ನೋಡಿದ. ಅವನ ಕಾಲು ಇನ್ನೂ ಒಳಗೇ ಇತ್ತು, ಬ್ರೇಕಿನ ಮೇಲೋ ಬೇರೆಯದರ ಮೇಲೋ ನಮಗೆ ಕಾಣುವಂತಿರಲಿಲ್ಲ.

ನನ್ನ ತಲೆಯ ಮೇಲೆ ಒಂದು ಹಿಡಿ ಮಣ್ಣು ಬಿತ್ತು. ಕೊಡವಿಕೊಳ್ಳಲು ಕೈಯೆತ್ತಿದೆ. ಆಗ ಬೆನ್ನ ಹಿಂದೆ ಗೋಡೆ, ಮಲಗಿದ್ದ ದೊಡ್ಡ ಪ್ರಾಣಿಯೊಂದು ಮಗ್ಗುಲು ಬದಲಿಸುವ ಮುಂಚೆ ಎಳೆದುಕೊಳ್ಳುವಂಥ ಉಸಿರನ್ನು ಎಳೆದುಕೊಂಡಿತು.